ಹೆಚ್ಚಳವು ಯಾವುದರ ಮೇಲೆ?
ಬೇಸಾಯಗಾರರ ಹಣಕಾಸಿನ ವ್ಯವಹಾರದಲ್ಲಿ ಶೇಕಡಾ ಲೆಕ್ಕ

ಉಳುಮೆ, ಬಿತ್ತನೆ, ಗೊಬ್ಬರ, ನೀರು ಇವುಗಳ ವಿಷಯದಲ್ಲಿ ಬಹು ಎಚ್ಚರಿಕೆಯುಳ್ಳ ರೈತರು ಪ್ರತಿಯೊಂದು ಗ್ರಾಮದಲ್ಲಿಯೂ ಇರುವರು. ಆದರೆ ಬೆಳೆದ ದವಸವನ್ನು ಹಣವನ್ನಾಗಿ ಮಾಡಿಕೊಳ್ಳುವಾಗಲೂ, ಹಣವನ್ನು ಸಾಲವಾಗಿ ತರುವಾಗಲೂ ಅದೇ ಎಚ್ಚರಿಕೆಯನ್ನು ಲೆಕ್ಕದಲ್ಲಿ ತೋರಿಸುವವರು ವಿರಳ. ಹೊಲದಲ್ಲಿ ಹುಟ್ಟಿದ ಕಳೆಯು ಕಣ್ಣಿಗೆ ಕಾಣುವುದು. ಲೆಕ್ಕದಲ್ಲಿ ಹುಟ್ಟಿದ ಕಳೆಯು ಕಾಣುವುದಿಲ್ಲ. ಅದು ಕಾಣಿಸಿಕೊಳ್ಳುವ ವೇಳೆಗೆ ಪಹಣಿಯಲ್ಲಿ ಹೆಸರು ಬದಲಾಗುವ ಕಾಲವೇ ಬಂದಿರುವುದೂ ಉಂಟು.

ಈಚಿನ ದಿನಗಳಲ್ಲಿ ಸಂತೆಯಲ್ಲಿಯೂ, ಸಹಕಾರ ಸಂಘದಲ್ಲಿಯೂ, ಗೊಬ್ಬರದ ಅಂಗಡಿಯಲ್ಲಿಯೂ "ಶೇಕಡಾ ಇಷ್ಟು ಹೆಚ್ಚಾಯಿತು" ಎಂಬ ಮಾತು ಎಡೆಬಿಡದೆ ಕೇಳಿಬರುತ್ತಿದೆ. ಬೆಂಬಲ ಬೆಲೆ ಹೆಚ್ಚಿತೆಂದು ಒಬ್ಬರು, ಕೂಲಿ ಹೆಚ್ಚಿತೆಂದು ಇನ್ನೊಬ್ಬರು, ಬಡ್ಡಿ ಹೆಚ್ಚಲಿಲ್ಲವೆಂದು ಮತ್ತೊಬ್ಬರು ಹೇಳುವರು. ಇವರೆಲ್ಲರೂ ಹೇಳುವ ಅಂಕಿಗಳು ನಿಜವಾಗಿದ್ದರೂ ಇರಬಹುದು. ಆದರೂ ಕೇಳುವವನು ಮೋಸಹೋಗುವುದುಂಟು. ಏತಕ್ಕೆಂದರೆ ಆ ಹೆಚ್ಚಳವು ಯಾವ ಮೊತ್ತದ ಮೇಲೆ ಎಂಬುದನ್ನು ಹೇಳುವವರೂ ಕಡಿಮೆ, ಕೇಳುವವರೂ ಕಡಿಮೆ. ಗ್ರಾಮದ ಮುಖಂಡರು ತಮ್ಮ ಲೆಕ್ಕವನ್ನು ನೋಡಿಕೊಂಡರೆ ಸಾಲದು. ಇತರರ ಸಾಲಪತ್ರಕ್ಕೆ ಸಾಕ್ಷಿ ಹಾಕುವವರೂ, ಕೂಲಿಯ ಮಾತುಕತೆಯಲ್ಲಿ ನಡುವೆ ನಿಲ್ಲುವವರೂ, ಸರ್ಕಾರದ ಪ್ರಕಟಣೆಗಳನ್ನು ಓದಿ ಹೇಳುವವರೂ ಅವರೇ ಆಗಿರುವುದರಿಂದ, ಈ ಲೆಕ್ಕವು ಅವರಿಗೆ ಚೆನ್ನಾಗಿ ತಿಳಿದಿರುವುದು ಅತ್ಯವಶ್ಯಕ.

ಈ ಗಣಿತವು ನಾಡಿಗೆ ಹೊಸದಲ್ಲ

ಶೇಕಡಾ ಎಂದರೆ ನೂರಕ್ಕೆ ಇಷ್ಟು ಎಂದರ್ಥ. ನೂರನ್ನು ಆಧಾರವಾಗಿಟ್ಟುಕೊಂಡು ಬಡ್ಡಿಯನ್ನು ಎಣಿಸುವ ಪದ್ಧತಿ ಬಹು ಪುರಾತನವಾದುದು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದಲ್ಲಿ ತ್ರೈರಾಶಿಕವೂ, ಅಸಲು ಬಡ್ಡಿಗಳ ಲೆಕ್ಕಗಳೂ ವಿಸ್ತಾರವಾಗಿ ಬಂದಿವೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿಯೇ ಬರೆದನು. ಮೂರು ಅಂಕಿಗಳು ತಿಳಿದಿದ್ದರೆ ನಾಲ್ಕನೆಯದನ್ನು ಕಂಡುಹಿಡಿಯುವುದೇ ತ್ರೈರಾಶಿಕ. ಶೇಕಡಾ ಲೆಕ್ಕವು ಅದರ ಒಂದು ಪ್ರಯೋಗವೇ ಹೊರತು ಬೇರೆಯಲ್ಲ.

ಆಣೆ ಪೈಗಳು ಬಳಕೆಯಲ್ಲಿದ್ದ ಕಾಲದಲ್ಲಿ ಈ ಲೆಕ್ಕವು ಕೊಂಚ ತೊಡಕಾಗಿದ್ದಿತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ರೂಪಾಯಿಗೆ ಒಂದಾಣೆ ಎಂದರೆ ನೂರಕ್ಕೆ 6.25, ಎರಡಾಣೆ ಎಂದರೆ 12.50, ನಾಲ್ಕಾಣೆ ಎಂದರೆ 25. ಹಿರಿಯರು ಇಂದಿಗೂ "ನಾಲ್ಕಾಣೆ ಪಾಲು" ಎಂದು ಹೇಳುವುದುಂಟು. 1957ನೆಯ ಏಪ್ರಿಲ್ 1ರಿಂದ ದಶಮಾಂಶ ನಾಣ್ಯವು ಜಾರಿಗೆ ಬಂದು ರೂಪಾಯಿಗೆ 100 ಪೈಸೆಯಾದ ಮೇಲೆ ಈ ತೊಡಕು ನಿವಾರಣೆಯಾಯಿತು. ರೂಪಾಯಿಗೆ ಎಷ್ಟು ಪೈಸೆಯೋ ಅದೇ ಶೇಕಡಾ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅಕ್ಷರ ಬಾರದವರಿಗೂ ಶೇಕಡಾ ಲೆಕ್ಕವನ್ನು ತಿಳಿಯಹೇಳಬಹುದು.

ಹೆಚ್ಚಳವನ್ನು ಕಂಡುಹಿಡಿಯುವ ಕ್ರಮ

ಹೊಸ ಮೊತ್ತದಲ್ಲಿ ಹಳೆಯ ಮೊತ್ತವನ್ನು ಕಳೆಯಬೇಕು. ಉಳಿದುದನ್ನು 100ರಿಂದ ಗುಣಿಸಬೇಕು. ಬಂದುದನ್ನು ಹಳೆಯ ಮೊತ್ತದಿಂದ ಭಾಗಿಸಬೇಕು. ಭಾಗಿಸುವುದು ಯಾವಾಗಲೂ ಹಳೆಯ ಮೊತ್ತದಿಂದಲೇ, ಹೊಸದರಿಂದಲ್ಲ. ಕ್ರಮವು ಇಷ್ಟೆ.

ಉದಾಹರಣೆಗೆ, ಕೇಂದ್ರ ಸರ್ಕಾರದವರು ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆಯನ್ನು ತೆಗೆದುಕೊಳ್ಳಬಹುದು. 2024-25ನೆಯ ಸಾಲಿನಲ್ಲಿ ಕ್ವಿಂಟಾಲಿಗೆ 4,290 ರೂಪಾಯಿ. 2025-26ನೆಯ ಸಾಲಿನಲ್ಲಿ 4,886 ರೂಪಾಯಿ. ವ್ಯತ್ಯಾಸ 596. ಇದನ್ನು 100ರಿಂದ ಗುಣಿಸಿ 4,290ರಿಂದ ಭಾಗಿಸಿದರೆ 13.89. ಆದುದರಿಂದ ಹೆಚ್ಚಳವು ಶೇಕಡಾ 13.89.

ಕಾಗದ ಪೆನ್ಸಿಲುಗಳಿಲ್ಲದ ಸ್ಥಳದಲ್ಲಿ ಬಾಯಿಲೆಕ್ಕಕ್ಕೂ ದಾರಿಯುಂಟು. 4,290ರಲ್ಲಿ ನೂರಕ್ಕೆ ಹತ್ತು ಎಂದರೆ 429. ನೂರಕ್ಕೆ ಒಂದು ಎಂದರೆ ಸುಮಾರು 43. ಹೆಚ್ಚಳವಾದ 596ರಲ್ಲಿ 429 ಹೋದರೆ 167 ಉಳಿಯುವುದು. 167ರಲ್ಲಿ 43 ನಾಲ್ಕು ಸಲ ಇರುವುದಕ್ಕೆ ಸ್ವಲ್ಪವೇ ಕಡಿಮೆ. ಆದಕಾರಣ ಹೆಚ್ಚಳವು ನೂರಕ್ಕೆ 14ರ ಸಮೀಪವೆಂದು ನಿಂತಲ್ಲಿಯೇ ಹೇಳಬಹುದು. ಸಂತೆಯಲ್ಲಿ ಮಾತು ಮುಗಿಸುವುದಕ್ಕೆ ಇಷ್ಟು ನಿಖರತೆ ಸಾಕು.

ಹಳೆಯ ಮೊತ್ತಕ್ಕೆ ಬದಲಾಗಿ ಹೊಸ ಮೊತ್ತದಿಂದ ಭಾಗಿಸಿದರೆ ಆಗುವ ತಪ್ಪು ಅಲ್ಪವಾದುದಲ್ಲ. 2017-18ರಲ್ಲಿ ರಾಗಿಯ ಬೆಂಬಲ ಬೆಲೆ 1,900 ರೂಪಾಯಿ ಇದ್ದುದು 2018-19ರಲ್ಲಿ 2,897 ರೂಪಾಯಿ ಆಯಿತು. ಏರಿದ 997 ರೂಪಾಯಿಯನ್ನು ಸರಿಯಾಗಿ ಹಳೆಯ ಬೆಲೆಯೊಡನೆ ಹೋಲಿಸಿದರೆ ಶೇಕಡಾ 52.47, ತಪ್ಪಾಗಿ ಹೊಸ ಬೆಲೆಯೊಡನೆ ಹೋಲಿಸಿದರೆ ಶೇಕಡಾ 34.41 ಮಾತ್ರ. ಹಣವು ಒಂದೇ, ಅಂಕಿಗಳು ಎರಡು.

ಒಂದೇ ಏಳುನೂರು ರೂಪಾಯಿ, ಮೂರು ಬಗೆಯ ಶೇಕಡಾ

ಆಧಾರ ಮೊತ್ತವು ಬದಲಾದರೆ ಶೇಕಡಾವು ಹೇಗೆ ಬದಲಾಗುವುದೆಂಬುದಕ್ಕೆ 2021ನೆಯ ಮೇ ತಿಂಗಳಲ್ಲಿ ನಡೆದ ಡಿ.ಎ.ಪಿ. ಗೊಬ್ಬರದ ವಿಷಯಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಅದರ ಹಿಂದಿನ ವರ್ಷದಲ್ಲಿ ಒಂದು ಮೂಟೆಯ ನಿಜವಾದ ಬೆಲೆ 1,700 ರೂಪಾಯಿ ಇದ್ದಿತು. ಅದರಲ್ಲಿ 500 ರೂಪಾಯಿಯನ್ನು ಸರ್ಕಾರವು ಸಹಾಯಧನವಾಗಿ ಕೊಡುತ್ತಿದ್ದುದರಿಂದ ರೈತನಿಗೆ ಮೂಟೆಯು 1,200 ರೂಪಾಯಿಗೆ ದೊರೆಯುತ್ತಿದ್ದಿತು. ಪರದೇಶಗಳಲ್ಲಿ ಕಚ್ಚಾ ಸಾಮಗ್ರಿಗಳ ಬೆಲೆ ಏರಿದ ಕಾರಣ ಮೂಟೆಯ ಬೆಲೆ 2,400 ರೂಪಾಯಿಗೆ ಹೋಯಿತು. ಆಗ ಸರ್ಕಾರವು ಸಹಾಯಧನವನ್ನು 500ರಿಂದ 1,200 ರೂಪಾಯಿಗೆ ಏರಿಸಿ, ರೈತನು ಕೊಡುವ ಬೆಲೆಯನ್ನು 1,200 ರೂಪಾಯಿಯಲ್ಲಿಯೇ ಉಳಿಸಿತು.

ಇಲ್ಲಿ ಏರಿದ ಹಣವು 700 ರೂಪಾಯಿ ಮಾತ್ರ. ಆದರೆ ಮೂಟೆಯ ಬೆಲೆಯನ್ನು ನೋಡಿದರೆ 1,700ರ ಮೇಲೆ 700, ಎಂದರೆ ಶೇಕಡಾ 41.18ರಷ್ಟು ಹೆಚ್ಚಳ. ಸಹಾಯಧನವನ್ನು ನೋಡಿದರೆ 500ರ ಮೇಲೆ 700, ಎಂದರೆ ಶೇಕಡಾ 140ರಷ್ಟು ಹೆಚ್ಚಳ. ಸಹಾಯಧನವು ಏರದೆ ಇದ್ದಿದ್ದರೆ ರೈತನು 1,900 ರೂಪಾಯಿ ಕೊಡಬೇಕಾಗುತ್ತಿದ್ದಿತು. ಅದು 1,200ರ ಮೇಲೆ 700, ಎಂದರೆ ಶೇಕಡಾ 58.33. ವಾಸ್ತವವಾಗಿ ರೈತನ ಚೀಲದಿಂದ ಹೋದ ಹಣದಲ್ಲಿ ಹೆಚ್ಚಳವೇ ಇಲ್ಲ. ಶೇಕಡಾ 140 ಎಂಬ ಸುದ್ದಿಯನ್ನು ಮಾತ್ರ ಕೇಳಿ, ಗೊಬ್ಬರದ ಬೆಲೆಯೇ ಅಷ್ಟು ಏರಿತೆಂದು ಹೆದರಿ ಅವಸರವಾಗಿ ಮೂಟೆಗಳನ್ನು ಕೂಡಿಹಾಕಿದವನು ತನಗೆ ತಾನೇ ನಷ್ಟವನ್ನು ತಂದುಕೊಂಡಂತಾಯಿತು. ಆ ತರುವಾಯ ಮೂಟೆಯು ರೈತನಿಗೆ 1,350 ರೂಪಾಯಿಗೆ ಬಂದಿತು. 1,200ರ ಮೇಲೆ 150, ಎಂದರೆ ರೈತನ ಪಾಲಿಗೆ ನಿಜವಾದ ಹೆಚ್ಚಳ ಶೇಕಡಾ 12.50.

ಖರ್ಚಿನ ಮೇಲೆ ಶೇಕಡಾ 50 ಎಂದರೇನು?

2018-19ನೆಯ ಸಾಲಿನಿಂದ ಬೆಂಬಲ ಬೆಲೆಯು ಉತ್ಪಾದನೆಯ ಖರ್ಚಿನ ಮೇಲೆ ಕನಿಷ್ಠ ಪಕ್ಷ ಶೇಕಡಾ 50ರಷ್ಟು ಹೆಚ್ಚಾಗಿರಬೇಕೆಂಬ ನಿಯಮವನ್ನು ಅನುಸರಿಸಲಾಗುತ್ತಿದೆ. 2025-26ರಲ್ಲಿ ರಾಗಿಯ ಖರ್ಚನ್ನು ಕ್ವಿಂಟಾಲಿಗೆ 3,257 ರೂಪಾಯಿಯೆಂದು ಹಿಡಿದು, ಅದರ ಒಂದೂವರೆ ಪಟ್ಟಾದ 4,886 ರೂಪಾಯಿಯನ್ನು ಬೆಲೆಯಾಗಿ ಗೊತ್ತುಮಾಡಲಾಯಿತು. ಲೆಕ್ಕವು ಸರಿಯಾಗಿಯೇ ಇದೆ. ಆದರೆ ಪ್ರತಿಯೊಬ್ಬ ಜಮೀನುದಾರನೂ ಗಮನಿಸತಕ್ಕ ಎರಡು ಅಂಶಗಳು ಇದರಲ್ಲಿವೆ.

ಮೊದಲನೆಯದಾಗಿ, ಈ 3,257 ರೂಪಾಯಿಯು ದೇಶಕ್ಕೆಲ್ಲ ಸೇರಿಸಿ ತೆಗೆದ ಸರಾಸರಿ. ಯಾವುದೊಂದು ಹೊಲದ ಖರ್ಚೂ ಅಲ್ಲ. ಎರಡನೆಯದಾಗಿ, ಬೀಜ, ಗೊಬ್ಬರ, ಆಳಿನ ಕೂಲಿ, ಎತ್ತು ಮತ್ತು ಯಂತ್ರಗಳ ವೆಚ್ಚ, ನೀರಾವರಿ, ಗುತ್ತಿಗೆಗೆ ತೆಗೆದುಕೊಂಡ ಭೂಮಿಗೆ ಕೊಟ್ಟ ಹಣ ಮುಂತಾದ ಕೈಯಿಂದ ಹೋಗುವ ಖರ್ಚುಗಳೂ, ಮನೆಯವರು ಮಾಡಿದ ದುಡಿಮೆಗೆ ಕಟ್ಟಿದ ಬೆಲೆಯೂ ಅದರಲ್ಲಿ ಸೇರಿವೆ. ಸ್ವಂತ ಭೂಮಿಗೆ ಕಟ್ಟಬಹುದಾದ ಗೇಣಿಯೂ, ಸ್ವಂತ ಬಂಡವಾಳದ ಮೇಲಿನ ಬಡ್ಡಿಯೂ ಸೇರಿಲ್ಲ. ಇವುಗಳನ್ನೂ ಸೇರಿಸಿ ಅದರ ಮೇಲೆ ಶೇಕಡಾ 50 ಕೊಡಬೇಕೆಂದು ರೈತ ಸಂಘಟನೆಗಳು ಕೇಳುತ್ತಿರುವುದು ಈ ಆಧಾರದ ವಿಷಯವಾಗಿಯೇ. ವಾದವು ಐವತ್ತರದ್ದಲ್ಲ; ಐವತ್ತು ಯಾವುದರ ಮೇಲೆ ಎಂಬುದರದ್ದು.

ಒಬ್ಬ ರೈತನಿಗೆ ತನ್ನ ಹೊಲದಲ್ಲಿ ಕ್ವಿಂಟಾಲಿಗೆ 4,000 ರೂಪಾಯಿ ಖರ್ಚು ಬಿದ್ದಿತೆಂದು ಭಾವಿಸಿದರೆ, 4,886ಕ್ಕೆ ಮಾರಿದಾಗ ಉಳಿಯುವುದು 886 ರೂಪಾಯಿ. ಅದು ಅವನ ಖರ್ಚಿನ ಮೇಲೆ ಶೇಕಡಾ 22.15 ಮಾತ್ರ. ಸ್ವಂತ ಭೂಮಿಯ ಗೇಣಿಯೆಂದು ಮತ್ತೆ 500 ರೂಪಾಯಿ ಸೇರಿಸಿಕೊಂಡರೆ ಉಳಿಯುವುದು 386 ರೂಪಾಯಿ. 4,500ರ ಮೇಲೆ ಶೇಕಡಾ 8.58. ಆದಕಾರಣ ತನ್ನ ಹೊಲದ ಖರ್ಚನ್ನು ತಾನೇ ಬರೆದಿಟ್ಟುಕೊಳ್ಳದವನಿಗೆ ಪ್ರಕಟಣೆಯ ಶೇಕಡಾವು ಅನ್ಯರ ಮನೆಯ ಅಳತೆಯಿಂದ ಹೊಲಿಸಿದ ಅಂಗಿಯಂತಾಗುವುದು.

ಬಡ್ಡಿಯ ದರ ಏರದೆ ಬಡ್ಡಿಯು ಏರುವ ಬಗೆ

ರೈತನಿಗೆ ಅತ್ಯಂತ ಹೆಚ್ಚಿನ ಹಾನಿಯಾಗುವುದು ಸಾಲದ ಲೆಕ್ಕದಲ್ಲಿ. ಹಳ್ಳಿಗಳಲ್ಲಿ "ಮೂರು ಪೈಸೆ ಬಡ್ಡಿ" ಎಂಬ ಮಾತು ರೂಢಿಯಲ್ಲಿದೆ. ಮೂರು ಪೈಸೆ ಎಂಬುದು ಕಿವಿಗೆ ಅಲ್ಪವಾಗಿ ಕೇಳುವುದು. ಆದರೆ ಇದು ರೂಪಾಯಿಗೆ, ತಿಂಗಳಿಗೆ. ಎಂದರೆ ತಿಂಗಳಿಗೆ ನೂರಕ್ಕೆ 3; ವರ್ಷಕ್ಕೆ ನೂರಕ್ಕೆ 36.

ಒಬ್ಬ ರೈತನು 50,000 ರೂಪಾಯಿಯನ್ನು ಈ ದರದಲ್ಲಿ ತಂದನೆಂದು ಇಟ್ಟುಕೊಳ್ಳಬಹುದು. ತಿಂಗಳಿಗೆ 1,500 ರೂಪಾಯಿ ಬಡ್ಡಿ. ಮಳೆ ಕೈಕೊಟ್ಟು ಮೂರು ವರ್ಷಗಳವರೆಗೆ ಏನನ್ನೂ ಕಟ್ಟಲಾಗಲಿಲ್ಲ. ಬಡ್ಡಿಯೇ 54,000 ರೂಪಾಯಿ ಆಯಿತು. ಮೂರು ವರ್ಷದ ವಾಯಿದೆ ಮೀರದಂತೆ ಪತ್ರವನ್ನು ಹೊಸದಾಗಿ ಬರೆಸಿಕೊಳ್ಳುವ ವಾಡಿಕೆಯಂತೆ, ಅಸಲು ಬಡ್ಡಿಗಳೆರಡನ್ನೂ ಸೇರಿಸಿ 1,04,000 ರೂಪಾಯಿಗೆ ಹೊಸ ಪತ್ರವಾಯಿತು. "ಬಡ್ಡಿಯನ್ನು ಏರಿಸಿದಿರಾ, ಸಾಹುಕಾರರೇ?" ಎಂದು ರೈತನು ಕೇಳಿದರೆ, "ಇಲ್ಲವಪ್ಪ, ಅದೇ ಮೂರು ಪೈಸೆ" ಎಂಬ ಉತ್ತರ ಬರುವುದು. ಈ ಉತ್ತರವು ಸುಳ್ಳಲ್ಲ. ಆದರೆ ಇನ್ನು ಮುಂದೆ ತಿಂಗಳಿಗೆ ಬೀಳುವ ಬಡ್ಡಿ 1,500 ರೂಪಾಯಿ ಅಲ್ಲ, 3,120 ರೂಪಾಯಿ. ದರದಲ್ಲಿ ಹೆಚ್ಚಳವು ಸೊನ್ನೆ. ತೆರಬೇಕಾದ ಹಣದಲ್ಲಿ ಹೆಚ್ಚಳವು ಶೇಕಡಾ 108.

ಪತ್ರವನ್ನು ಮೂರು ವರ್ಷಗಳಿಗೊಮ್ಮೆ ಬದಲಾಯಿಸದೆ ಪ್ರತಿ ಯುಗಾದಿಗೂ ಬದಲಾಯಿಸಿದರೆ ಹೊರೆಯು ಇನ್ನೂ ಹೆಚ್ಚು. ಮೊದಲನೆಯ ವರ್ಷದ ಕೊನೆಗೆ 68,000, ಎರಡನೆಯ ವರ್ಷಕ್ಕೆ 92,480, ಮೂರನೆಯ ವರ್ಷಕ್ಕೆ 1,25,772 ರೂಪಾಯಿ 80 ಪೈಸೆ. ಸರಳ ಬಡ್ಡಿಗಿಂತ 21,772 ರೂಪಾಯಿ 80 ಪೈಸೆ ಅಧಿಕ. ಇದೇ ಚಕ್ರಬಡ್ಡಿ. ಇಂತಹ ಪತ್ರಕ್ಕೆ ಸಾಕ್ಷಿ ಹಾಕುವಂತೆ ಕರೆ ಬಂದಾಗ ಗ್ರಾಮದ ಯಜಮಾನರು ದರವನ್ನು ಮಾತ್ರ ನೋಡಿ ರುಜು ಮಾಡಲಾಗದು. ಹಿಂದಿನ ಪತ್ರದ ಅಸಲು ಎಷ್ಟು, ಹೊಸ ಪತ್ರದ ಅಸಲು ಎಷ್ಟು, ನಡುವೆ ಕೈಗೆ ಬಂದ ಹಣವೆಷ್ಟು ಎಂಬ ಮೂರನ್ನೂ ಎರಡು ಪಕ್ಷದವರ ಎದುರಿನಲ್ಲಿಯೇ ಓದಿಸತಕ್ಕದ್ದು.

ಬ್ಯಾಂಕು ಮತ್ತು ಸಹಕಾರ ಸಂಘಗಳ ಸಾಲದಲ್ಲಿಯೂ ಎಚ್ಚರಿಕೆ ಬೇಕು. ಕೇಂದ್ರ ಸರ್ಕಾರದ ಬಡ್ಡಿ ಸಹಾಯ ಯೋಜನೆಯಂತೆ ಅಲ್ಪಾವಧಿ ಬೆಳೆಸಾಲಕ್ಕೆ ವರ್ಷಕ್ಕೆ ಶೇಕಡಾ 7 ಬಡ್ಡಿ. ಗಡುವಿನೊಳಗೆ ತೀರಿಸಿದವರಿಗೆ ಅದರಲ್ಲಿ 3 ಬಿಟ್ಟು, ಬೀಳುವುದು 4 ಮಾತ್ರ. "ಗಡುವು ತಪ್ಪಿದರೆ ಮೂರೇ ಹೆಚ್ಚು" ಎಂದು ಕೆಲವರು ಉದಾಸೀನ ಮಾಡುವರು. ಎರಡು ಲಕ್ಷ ರೂಪಾಯಿ ಸಾಲದ ಮೇಲೆ ಶೇಕಡಾ 4ರಂತೆ ವರ್ಷದ ಬಡ್ಡಿ 8,000 ರೂಪಾಯಿ. 7ರಂತೆ 14,000 ರೂಪಾಯಿ. ಹೆಚ್ಚು ತೆರಬೇಕಾದುದು 6,000. ಅದು 8,000ದ ಮೇಲೆ ಶೇಕಡಾ 75. ದರವು ಏರಿದುದು ಮೂರು ಅಂಶ. ಬಡ್ಡಿಯ ಹಣವು ಏರಿದುದು ನೂರಕ್ಕೆ ಎಪ್ಪತ್ತೈದು. ಶೇಕಡಾವೇ ಏರಿದಾಗ ಅದು ಎಷ್ಟು ಅಂಶ ಏರಿತು, ಅದರಿಂದ ಹಣವು ನೂರಕ್ಕೆ ಎಷ್ಟು ಏರಿತು ಎಂಬ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ದವಸವು ಮನೆಯಲ್ಲಿದ್ದು, ಬೆಲೆಯು ಏರಲೆಂದು ಕಾದು ಗಡುವನ್ನು ತಪ್ಪಿಸುವವನು ಈ ಲೆಕ್ಕವನ್ನು ಮೊದಲು ಮಾಡಿ ನೋಡುವುದು ಮೇಲು.

ಹೆಚ್ಚಳದ ಮೇಲೆ ಹೆಚ್ಚಳ, ಏರಿಕೆಯ ನಂತರ ಇಳಿಕೆ

ಒಂದು ವರ್ಷದ ಶೇಕಡಾವನ್ನು ಇನ್ನೊಂದು ವರ್ಷದ ಶೇಕಡಾಕ್ಕೆ ಕೂಡಿಸಬಾರದು. ಕರ್ನಾಟಕದಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ದಿನಗೂಲಿಯು 2023-24ರಲ್ಲಿ 316 ರೂಪಾಯಿ, 2024-25ರಲ್ಲಿ 349 ರೂಪಾಯಿ, 2025-26ರಲ್ಲಿ 370 ರೂಪಾಯಿ ಎಂದು ನಿಗದಿಯಾಗಿದ್ದಿತು. ಮೊದಲನೆಯ ಹೆಚ್ಚಳವು ಶೇಕಡಾ 10.44, ಎರಡನೆಯದು ಶೇಕಡಾ 6.02. ಇವೆರಡನ್ನೂ ಕೂಡಿಸಿದರೆ 16.46 ಬರುವುದು. ಆದರೆ 316ರಿಂದ 370ಕ್ಕೆ ಆದ ನಿಜವಾದ ಹೆಚ್ಚಳ ಶೇಕಡಾ 17.09. ಎರಡನೆಯ ಹೆಚ್ಚಳವು 316ರ ಮೇಲಲ್ಲದೆ 349ರ ಮೇಲೆ ಬಿದ್ದುದೇ ಈ ವ್ಯತ್ಯಾಸಕ್ಕೆ ಕಾರಣ. ಕೂಲಿಯ ಮಾತುಕತೆಯಲ್ಲಿ ಕೂಲಿಗಾರರಿಗೂ ಜಮೀನುದಾರರಿಗೂ ನ್ಯಾಯವಾಗಬೇಕಾದರೆ ಮೊದಲನೆಯ ಮತ್ತು ಕೊನೆಯ ಮೊತ್ತಗಳನ್ನೇ ಹೋಲಿಸತಕ್ಕದ್ದು.

ದೀರ್ಘಕಾಲದ ಹೆಚ್ಚಳವನ್ನು ವರ್ಷಗಳಿಂದ ಭಾಗಿಸುವುದೂ ತಪ್ಪೇ. ರಾಗಿಯ ಬೆಂಬಲ ಬೆಲೆ 2018-19ರ 2,897 ರೂಪಾಯಿಯಿಂದ 2025-26ರ 4,886 ರೂಪಾಯಿಗೆ ಏಳು ವರ್ಷಗಳಲ್ಲಿ ಶೇಕಡಾ 68.66ರಷ್ಟು ಏರಿತು. ಏಳರಿಂದ ಭಾಗಿಸಿ, ವರ್ಷಕ್ಕೆ 9.81 ಎನ್ನುವವರುಂಟು. ಹೆಚ್ಚಳದ ಮೇಲೆ ಹೆಚ್ಚಳವನ್ನು ಎಣಿಸಿದರೆ ವರ್ಷಕ್ಕೆ ಬೀಳುವುದು ಸುಮಾರು 7.75 ಮಾತ್ರ. ತನ್ನ ಸಾಲದ ಬಡ್ಡಿಯೊಡನೆಯೋ, ಏರಿದ ಖರ್ಚಿನೊಡನೆಯೋ ಹೋಲಿಸಿ ನೋಡುವವನು ಈ ಎರಡನೆಯ ಅಂಕಿಯನ್ನೇ ಹಿಡಿಯಬೇಕು.

ಏರಿಕೆ ಇಳಿಕೆಗಳು ಒಂದೇ ಶೇಕಡಾದಲ್ಲಿ ನಡೆದರೆ ಬೆಲೆಯು ಮೊದಲಿನ ಸ್ಥಾನಕ್ಕೆ ಬರುವುದೆಂಬ ಭ್ರಮೆ ಬಹು ಜನರಲ್ಲಿದೆ. ಹದಿನೈದು ಕಿಲೋ ತೂಕದ ಒಂದು ಪೆಟ್ಟಿಗೆ ಟೊಮ್ಯಾಟೊ 400 ರೂಪಾಯಿ ಇದ್ದುದು ಶೇಕಡಾ 50 ಏರಿ 600 ಆಯಿತೆಂದೂ, ಮರುವಾರ ಶೇಕಡಾ 50 ಇಳಿಯಿತೆಂದೂ ಭಾವಿಸಿದರೆ, ಬೆಲೆಯು ನಿಲ್ಲುವುದು 400ರಲ್ಲಲ್ಲ, 300ರಲ್ಲಿ. ಏರಿದುದು 400ರ ಅರ್ಧ. ಇಳಿದುದು 600ರ ಅರ್ಧ. ಅರ್ಧಕ್ಕೆ ಇಳಿದ ಬೆಲೆಯು ಮೊದಲಿನಂತಾಗಬೇಕಾದರೆ ಶೇಕಡಾ 50 ಏರಿದರೆ ಸಾಲದು, ಶೇಕಡಾ 100 ಏರಬೇಕು. ಏರಿದ ಬೆಲೆಯನ್ನು ನಂಬಿ ಮುಂದಿನ ಬೆಳೆಗೆ ಸಾಲಮಾಡುವವರು ಈ ಮಾತನ್ನು ಮರೆಯಬಾರದು.

ಅಳತೆ ಮತ್ತು ತೆರಿಗೆಯಲ್ಲಿ ಅಡಗಿದ ಹೆಚ್ಚಳ

ಬೆಲೆಯು ನಿಂತಲ್ಲಿಯೇ ನಿಂತು ಅಳತೆಯು ಕುಗ್ಗಿದರೂ ಅದು ಬೆಲೆಯೇರಿಕೆಯೇ. 2018ರಲ್ಲಿ ಯೂರಿಯಾ ಮೂಟೆಯ ತೂಕವು 50 ಕಿಲೋದಿಂದ 45 ಕಿಲೋಗೆ ಇಳಿಯಿತು. ಆಗ ಮೂಟೆಯ ಮೂಲ ಬೆಲೆಯನ್ನೂ 268 ರೂಪಾಯಿಯಿಂದ 242 ರೂಪಾಯಿಗೆ ಇಳಿಸಿದ್ದರಿಂದ ಕಿಲೋವಿನ ದರವು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು. ಹಾಗೆ ಇಳಿಸದೆ ಇದ್ದಿದ್ದರೆ ರೈತನಿಗೆ ಬೀಳುತ್ತಿದ್ದ ಹೆಚ್ಚಳವು ಶೇಕಡಾ 10 ಅಲ್ಲ, 11.11, ಏಕೆಂದರೆ ಅದೇ ಹಣವನ್ನು 45ರಿಂದ ಭಾಗಿಸಬೇಕಾಗುತ್ತಿದ್ದಿತು.

ಇದಕ್ಕೆ ಪ್ರತಿಯಾಗಿ 2024ನೆಯ ಜೂನ್ ತಿಂಗಳಲ್ಲಿ ನಂದಿನಿ ಹಾಲಿನ ಲೀಟರ್ ಪೊಟ್ಟಣಕ್ಕೆ 50 ಮಿಲಿಲೀಟರ್ ಹಾಲನ್ನು ಹೆಚ್ಚು ಸೇರಿಸಿ, ಬೆಲೆಯನ್ನು 42 ರೂಪಾಯಿಯಿಂದ 44 ರೂಪಾಯಿಗೆ ಏರಿಸಲಾಯಿತು. ಬೆಲೆಯು ಏರಿದುದು ಶೇಕಡಾ 4.76, ಹಾಲು ಹೆಚ್ಚಿದುದು ಶೇಕಡಾ 5. ಆದುದರಿಂದ ಲೀಟರಿನ ದರವು ಸುಮಾರು 41 ರೂಪಾಯಿ 90 ಪೈಸೆಯಾಗಿ, ಹತ್ತು ಪೈಸೆ ಕಡಿಮೆಯಾಯಿತು. ಆದರೆ ಕೊಳ್ಳುವವನ ಕೈಯಿಂದ ದಿನಕ್ಕೆ ಎರಡು ರೂಪಾಯಿ ಹೆಚ್ಚಾಗಿ ಹೋದುದೂ ನಿಜವೇ. ಪೊಟ್ಟಣದ ಬೆಲೆ, ಲೀಟರಿನ ದರ ಇವೆರಡನ್ನೂ ಬೇರ್ಪಡಿಸಿ ನೋಡಿದರೆ ವಾದಕ್ಕೆ ಎಡೆಯಿಲ್ಲ.

ತೆರಿಗೆಯ ವಿಷಯದಲ್ಲಿಯೂ ಆಧಾರವೇ ಮುಖ್ಯ. 2025ನೆಯ ಸೆಪ್ಟೆಂಬರ್ 22ರಿಂದ ಸಾಮಾನ್ಯ ಬೇಸಾಯದ ಟ್ರಾಕ್ಟರುಗಳ ಮೇಲಿನ ಜಿ.ಎಸ್.ಟಿ. ತೆರಿಗೆಯು ಶೇಕಡಾ 12ರಿಂದ 5ಕ್ಕೆ ಇಳಿಯಿತು. ತೆರಿಗೆಯಿಲ್ಲದ ಬೆಲೆ 5,00,000 ರೂಪಾಯಿ ಇರುವ ಯಂತ್ರಕ್ಕೆ ಮೊದಲು 5,60,000 ಕೊಡಬೇಕಾಗಿದ್ದುದು ಈಗ 5,25,000. ಉಳಿತಾಯವು 35,000 ರೂಪಾಯಿ. ಅದು ಮೊದಲು ಕೊಡಬೇಕಾಗಿದ್ದ ಮೊತ್ತದ ಮೇಲೆ ಶೇಕಡಾ 6.25, 7 ಅಲ್ಲ. ತೆರಿಗೆ ಸೇರಿದ ಬೆಲೆಯಿಂದ ತೆರಿಗೆಯನ್ನು ಬಿಡಿಸಬೇಕಾದಾಗ 5,60,000ದಲ್ಲಿ ಶೇಕಡಾ 12ನ್ನು ಕಳೆದರೆ 4,92,800 ಬಂದು ಲೆಕ್ಕವು ತಪ್ಪುವುದು. 5,60,000ವನ್ನು 112ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸರಿಯಾದ 5,00,000 ದೊರೆಯುವುದು.

ವರ್ತಕರ ಲಾಭದ ಮಾತೂ ಇದೇ ಜಾತಿಯದು. 80 ರೂಪಾಯಿಗೆ ಕೊಂಡು 100 ರೂಪಾಯಿಗೆ ಮಾರಿದವರು "ನೂರಕ್ಕೆ ಇಪ್ಪತ್ತು ಲಾಭ" ಎನ್ನುವರು. ಅದು ಮಾರಿದ ಬೆಲೆಯ ಮೇಲೆ. ಹಾಕಿದ ಬಂಡವಾಳದ ಮೇಲೆ ಅದು ನೂರಕ್ಕೆ ಇಪ್ಪತ್ತೈದು. ಪಾಲುದಾರಿಕೆಯಲ್ಲಿ ಹಣ ಹಾಕುವವನು ಯಾವುದರ ಮೇಲೆ ಲಾಭವೆಂಬುದನ್ನು ಕರಾರಿನಲ್ಲಿ ಬರೆಸದೆ ಇದ್ದರೆ ಮುಂದೆ ಜಗಳಕ್ಕೆ ಬೀಜ ಬಿತ್ತಿದಂತೆಯೇ.

ಹುಟ್ಟುವಳಿ ಹೆಚ್ಚಿದರೂ ಉಳಿತಾಯ ಕುಗ್ಗುವ ಬಗೆ

ಕಡೆಯದಾಗಿ ಹೇಳತಕ್ಕ ವಿಷಯವು ಎಲ್ಲಕ್ಕಿಂತಲೂ ಮುಖ್ಯವಾದುದು. ಒಂದು ಜಮೀನಿನ ಹುಟ್ಟುವಳಿಯು 60,000 ರೂಪಾಯಿ, ಖರ್ಚು 40,000 ರೂಪಾಯಿ, ಉಳಿತಾಯ 20,000 ರೂಪಾಯಿ ಎಂದು ಇಟ್ಟುಕೊಳ್ಳಬಹುದು. ಮರುವರ್ಷ ಹುಟ್ಟುವಳಿಯು ಶೇಕಡಾ 10 ಹೆಚ್ಚಿ 66,000 ಆಯಿತು. ಖರ್ಚು ಶೇಕಡಾ 20 ಹೆಚ್ಚಿ 48,000 ಆಯಿತು. ಉಳಿದುದು 18,000. ಬೆಳೆಯೂ ಚೆನ್ನಾಗಿ ಬಂದು, ಬೆಲೆಯೂ ಏರಿ, ಊರಿನವರೆಲ್ಲ ಹೊಗಳಿದ ವರ್ಷದಲ್ಲಿಯೇ ಮನೆಗೆ ಉಳಿದ ಹಣವು ಶೇಕಡಾ 10ರಷ್ಟು ಕುಗ್ಗಿತು. ಖರ್ಚು ಮೊದಲಿನಷ್ಟೇ ಇದ್ದಿದ್ದರೆ 26,000 ಉಳಿದು, ಉಳಿತಾಯವು ಶೇಕಡಾ 30ರಷ್ಟು ಹೆಚ್ಚುತ್ತಿದ್ದಿತು. ಅದೇ ಶೇಕಡಾ 10ರ ಏರಿಕೆಯು ಒಂದು ಕಡೆ ಲಾಭವನ್ನು ಶೇಕಡಾ 30ರಷ್ಟು ಬೆಳೆಸಬಲ್ಲದು, ಇನ್ನೊಂದು ಕಡೆ ನಷ್ಟವನ್ನು ಮರೆಮಾಡಬಲ್ಲದು. ಇದನ್ನು ತಿಳಿಯುವುದಕ್ಕೆ ಖರ್ಚಿನ ಪುಸ್ತಕವಲ್ಲದೆ ಬೇರೆ ಉಪಾಯವಿಲ್ಲ.

ಗ್ರಾಮದ ಮುಖಂಡರು ಮಾಡಬೇಕಾದುದು

ಶೇಕಡಾವೊಂದನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳುವ ಅಭ್ಯಾಸವನ್ನು ಮಾಡಿಕೊಳ್ಳಬೇಕು. ಯಾವ ಮೊತ್ತದ ಮೇಲೆ? ಎಷ್ಟು ಕಾಲಕ್ಕೆ, ತಿಂಗಳಿಗೋ ವರ್ಷಕ್ಕೋ? ರೂಪಾಯಿಯಲ್ಲಿ ಎಷ್ಟು? ಮೂರನೆಯ ಪ್ರಶ್ನೆಗೆ ಉತ್ತರ ಬಾರದಿದ್ದಲ್ಲಿ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ಪ್ರತಿಯೊಂದು ಮನೆಯಲ್ಲಿಯೂ ಒಂದು ಪುಸ್ತಕವನ್ನಿಟ್ಟು, ಒಂದು ಪುಟದಲ್ಲಿ ಹೊಲದ ಖರ್ಚನ್ನೂ ಎದುರು ಪುಟದಲ್ಲಿ ಹುಟ್ಟುವಳಿಯನ್ನೂ ದಿನಾಂಕದೊಡನೆ ಬರೆಯತಕ್ಕದ್ದು. ಸಾಲಕ್ಕೆ ಬೇರೆ ಪುಟ. ಅದರಲ್ಲಿ ಮೊದಲು ಕೈಗೆ ಬಂದ ಅಸಲನ್ನು ಎಂದಿಗೂ ಅಳಿಸದೆ ಉಳಿಸಿಕೊಳ್ಳತಕ್ಕದ್ದು. ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿದರೆ ಲೆಕ್ಕವೂ ಉಳಿಯುವುದು, ಮಕ್ಕಳಿಗೆ ಗಣಿತವೂ ಬರುವುದು. ಮುಖಂಡರು ತಮ್ಮ ಮನೆಯಲ್ಲಿ ಮೊದಲು ಇದನ್ನು ನಡೆಸಿ ತೋರಿಸಿದರೆ ಉಳಿದವರು ತಾವಾಗಿಯೇ ಅನುಸರಿಸುವರು. ಸಾಕ್ಷಿ ಹಾಕುವಂತೆ ಕರೆದವರ ಜಗಲಿಯ ಮೇಲೆ ಕುಳಿತು "ಹೆಚ್ಚಳವು ಯಾವುದರ ಮೇಲೆ?" ಎಂದು ಅವರು ಒಂದು ಮಾತು ಕೇಳಿದರೆ, ಒಂದು ಕುಟುಂಬದ ಭೂಮಿಯು ಉಳಿಯಬಹುದು.